ಕೊಳೆನೀರಿನ ವಿಷಲೋಹಕ್ಕೆ ಇದ್ದಿಲಿನ ಕಡಿವಾಣ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿಬಂದವರು ನಿಮ್ಮಲ್ಲಿ ಅನೇಕರಿರಬಹುದು. ಅಲ್ಲಿಯ ದೊಡ್ಡ ಬಸವನ ಪಾದದ ಬಳಿ ವೃಷಭಾವತಿ ನದಿ ಹುಟ್ಟುತ್ತದೆಂಬುದು ಹಿಂದಿನಿಂದ ಬಂದ ನಂಬಿಕೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥವನ್ನೂ ಈ ನದಿಯ ಮೂಲವೆಂದು ಹೇಳುವುದುಂಟು. ಇಂತಹ ಪುಣ್ಯಸ್ಥಳದ ನೀರು ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯನ್ನು ದಾಟುವಷ್ಟರಲ್ಲಿ ಕೊಚ್ಚೆಯಾಗಿರುತ್ತದೆ. ಮನೆಗಳ ಬಚ್ಚಲು ನೀರು, ಪೀಣ್ಯ ಮುಂತಾದ ಕಡೆಯ ಕಾರ್ಖಾನೆಗಳ ನೀರು ಎಲ್ಲವೂ ಕೂಡಿ ಕೆಂಗೇರಿಯ ಮೇಲೆ ಹಾದು ಬಿಡದಿ ಬಳಿಯ ಬೈರಮಂಗಲದ ಕಡೆಗೆ ಹರಿಯುತ್ತವೆ.

ಬೈರಮಂಗಲ ಕೆರೆಯನ್ನು 1940ರ ದಶಕದಲ್ಲಿ ಬೇಸಾಯಕ್ಕೆಂದೇ ಕಟ್ಟಲಾಯಿತು. ಈ ಭಾಗದ ರೈತರು ಬೇರೆ ದಾರಿಯಿಲ್ಲದೆ ಇದೇ ನೀರನ್ನು ಹಾಯಿಸಿ ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತರಕಾರಿ ಬೆಳೆದಿದ್ದಾರೆ. ಕೊಳೆನೀರಿನಲ್ಲಿ ಸಾರಜನಕವಿರುವುದರಿಂದ ಪೈರು ಹುಲುಸಾಗಿ ಕಾಣುತ್ತದೆ, ಗೊಬ್ಬರದ ಖರ್ಚೂ ಕಡಮೆ. ಆದರೆ ಅದೇ ನೀರಿನೊಡನೆ ಸೀಸ, ಕ್ಯಾಡ್ಮಿಯಂ, ನಿಕಲ್, ಕ್ರೋಮಿಯಂ ಮೊದಲಾದ ಭಾರಲೋಹಗಳೂ ಬರುತ್ತವೆ. ಇವು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ವರ್ಷ ವರ್ಷವೂ ಮಣ್ಣಿನಲ್ಲಿ ಕೂಡುತ್ತ ಹೋಗುತ್ತವೆ. ಹೆಚ್ಚಾದಾಗ ಬೇರು ಮೊಟಕಾಗಿ ಎಲೆ ಹಳದಿಯಾಗುತ್ತದೆ. ಅದಕ್ಕೂ ಮೊದಲೇ, ಗಿಡ ಚೆನ್ನಾಗಿ ಕಾಣುತ್ತಿರುವಾಗಲೇ, ಲೋಹ ಸೊಪ್ಪಿಗೆ ಸೇರಿರಬಹುದು. ಎಷ್ಟು ತೊಳೆದರೂ ಒಳಗೆ ಹೀರಿದ್ದು ಹೋಗದು. ಮಾರುಕಟ್ಟೆಗೆ ಹೋಗುವ ಸೊಪ್ಪು, ನಿಮ್ಮ ಮಕ್ಕಳು ಉಣ್ಣುವ ಸೊಪ್ಪು ಎರಡಕ್ಕೂ ಈ ಮಾತು ಅನ್ವಯಿಸುತ್ತದೆ.

ಇದ್ದಿಲು ಮಾಡುವ ಕೆಲಸ

ಇಂತಹ ಮಣ್ಣಿಗೆ ಒಂದು ಉಪಾಯ ಬಯೋಚಾರ್, ಅಂದರೆ ಕೃಷಿ ತ್ಯಾಜ್ಯವನ್ನು ಗಾಳಿಯಾಡದಂತೆ ಸುಟ್ಟು ಮಾಡಿದ ಇದ್ದಿಲು. ಇದರ ಮೈಯೆಲ್ಲ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು. ಸೀಸ ಮತ್ತು ಕ್ಯಾಡ್ಮಿಯಂ ಕಣಗಳನ್ನು ಇದು ಹಿಡಿದಿಟ್ಟುಕೊಳ್ಳುತ್ತದೆ. ಹುಳಿ ಮಣ್ಣಿನ ರಸಸಾರವನ್ನು ಏರಿಸಿ ಲೋಹ ನೀರಿನಲ್ಲಿ ಕರಗುವುದನ್ನು ತಗ್ಗಿಸುತ್ತದೆ. ಬೇರಿಗೆ ಸಿಗುವ ವಿಷ ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ.

ಒಂದು ವಿಷಯ ಮರೆಯಬಾರದು. ಇದ್ದಿಲು ಲೋಹವನ್ನು ಕಟ್ಟಿಹಾಕುತ್ತದೆಯೇ ಹೊರತು ಹೊಲದಿಂದ ಹೊರಗೆ ಹಾಕುವುದಿಲ್ಲ. ಕೊಳೆನೀರು ಹಾಯಿಸುತ್ತಲೇ ಇದ್ದರೆ ಹೊಸ ಲೋಹ ಬರುತ್ತಲೇ ಇರುತ್ತದೆ. ಆದ್ದರಿಂದ ಕೊಳವೆಬಾವಿಯ ಒಳ್ಳೆಯ ನೀರು ಸ್ವಲ್ಪವೇ ಇದ್ದರೂ ಅದನ್ನು ಸೊಪ್ಪಿನ ಮಡಿಗೆ ಮೀಸಲಿಡಿ.

ತಯಾರಿಸುವ ಬಗೆ

ಕಡಲೆಕಾಯಿ ಸಿಪ್ಪೆ, ತೊಗರಿ ಕಟ್ಟಿಗೆ, ತೆಂಗಿನ ಚಿಪ್ಪು, ಮೆಕ್ಕೆಜೋಳದ ದಿಂಡು ಯಾವುದಾದರೂ ಆದೀತು, ಚೆನ್ನಾಗಿ ಒಣಗಿರಬೇಕು. ಕೊಳೆನೀರಿನಲ್ಲೇ ಬೆಳೆದ ಕಡ್ಡಿ, ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಬೇಡ. ಬಾಯಿ 5 ಅಡಿ ಅಗಲ, ಆಳ 3 ಅಡಿ ಇದ್ದು ತಳ ಕಿರಿದಾಗುವಂತೆ ಗುಂಡಿ ತೋಡಿ. ತಳದಲ್ಲಿ ಬೆಂಕಿ ಹಚ್ಚಿ, ಕೆಂಡದ ಮೇಲೆ ಬಿಳಿ ಬೂದಿ ಕಾಣತೊಡಗಿದೊಡನೆ ಇನ್ನೊಂದು ಪದರ ಹಾಕಿ. ಮೇಲಿನ ಉರಿ ಕೆಳಗಿನ ಕೆಂಡಕ್ಕೆ ಗಾಳಿ ತಗಲದಂತೆ ತಡೆಯುತ್ತದೆ. ಗುಂಡಿ ತುಂಬಿದ ಮೇಲೆ ಒಳ್ಳೆಯ ನೀರು ಸುರಿದು ಪೂರ್ತಿ ಆರಿಸಿ. ಹುಲ್ಲಿನ ಬಣವೆಯಿಂದ ದೂರದಲ್ಲಿ, ಗಾಳಿ ಬೀಸದ ಹೊತ್ತಿನಲ್ಲಿ ಈ ಕೆಲಸ ಮಾಡಿ.

ಇದ್ದಿಲು ಒದ್ದೆಯಿರುವಾಗಲೇ ಕುಟ್ಟಿದರೆ ಧೂಳು ಮೂಗಿಗೆ ಹೋಗದು. ಅಷ್ಟೇ ತೂಕದ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗಂಜಲ ಚಿಮುಕಿಸಿ, ನೆರಳಿನಲ್ಲಿ 15–20 ದಿನ ಇಡಿ. ಹಸಿ ಇದ್ದಿಲನ್ನು ನೇರವಾಗಿ ಹಾಕಿದರೆ ಅದು ಮೊದಲು ಮಣ್ಣಿನ ಸಾರಜನಕವನ್ನೇ ಹಿಡಿದುಕೊಳ್ಳಬಹುದು.

ಎಷ್ಟು ಹಾಕಬೇಕು?

10 ಅಡಿ ಉದ್ದ, 10 ಅಡಿ ಅಗಲದ ಮಡಿಗೆ 10 ಕಿಲೋ ಇದ್ದಿಲನ್ನು ಮೇಲಿನ ಅರ್ಧ ಅಡಿ ಮಣ್ಣಿಗೆ ಬೆರೆಸಿ ನೋಡಿ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 4 ಟನ್ ಆಗುತ್ತದೆ. ಒಂದು ಕಿಲೋ ಇದ್ದಿಲಿಗೆ ನಾಲ್ಕೈದು ಕಿಲೋ ಒಣ ತ್ಯಾಜ್ಯ ಬೇಕಾಗುವುದರಿಂದ ಇಡೀ ಹೊಲಕ್ಕೆ ಹಾಕುವುದು ಎಲ್ಲರ ಕೈಲಾಗದು. ಸೊಪ್ಪು, ಮೂಲಂಗಿ ಬೆಳೆಯುವ ಮಡಿಗಳಿಂದ ಆರಂಭಿಸಿ. ಪಕ್ಕದಲ್ಲಿ ಇದ್ದಿಲು ಹಾಕದ ಒಂದು ಮಡಿಯನ್ನೂ ಬಿಟ್ಟು, ಎರಡರ ಸೊಪ್ಪನ್ನೂ ಪರೀಕ್ಷೆ ಮಾಡಿಸಿದರೆ ಫಲ ಎಷ್ಟೆಂಬುದು ತಿಳಿಯುತ್ತದೆ.

ಮೊದಲು ಮಣ್ಣು ಪರೀಕ್ಷೆ

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಸೀಸ, ಕ್ಯಾಡ್ಮಿಯಂ ಅವುಗಳಲ್ಲಿ ಸೇರಿಲ್ಲ. ಇವನ್ನು ಪ್ರತ್ಯೇಕವಾಗಿ ಕೇಳಿ ಪರೀಕ್ಷಿಸಬೇಕಾಗುತ್ತದೆ. ಎಲ್ಲಿ ಸಾಧ್ಯವೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಒಬ್ಬರಿಗೆ ಖರ್ಚು ಹೆಚ್ಚೆನಿಸಿದರೆ, ಒಂದೇ ಕಾಲುವೆಯ ನೀರು ಹಾಯಿಸುವ ನಾಲ್ಕೈದು ಮಂದಿ ಸೇರಿ ಮಾಡಿಸಬಹುದು. ರಸಸಾರ 8ಕ್ಕಿಂತ ಹೆಚ್ಚಿರುವ ಮಣ್ಣಿಗೆ ಇದ್ದಿಲು ಹೆಚ್ಚಾದರೆ ಪೈರಿಗೆ ಸತು, ಕಬ್ಬಿಣ ಸಿಗುವುದು ಕಡಮೆಯಾಗುತ್ತದೆ. ಆರ್ಸೆನಿಕ್ ಇರುವ ಮಣ್ಣಿನಲ್ಲಿ ಇದ್ದಿಲಿನಿಂದ ವಿಷ ಹೆಚ್ಚು ಕರಗುವ ಅಪಾಯವೂ ಉಂಟು. ಅಲ್ಲಿ ತಜ್ಞರನ್ನು ಕೇಳದೆ ಬಳಸಬೇಡಿ.

ಲೋಹದ ಅಂಶ ತೀರ ಹೆಚ್ಚಿದ್ದರೆ ಆ ಹೊಲದಲ್ಲಿ ಸೊಪ್ಪು, ಮೇವು ಬಿಟ್ಟು ಹೂವನ್ನೋ ಮರವನ್ನೋ ಬೆಳೆಯುವುದು ಕ್ಷೇಮ. ಪಟ್ಟಣದ ಕೊಳೆಯನ್ನು ಶುದ್ಧಿ ಮಾಡಿ ಬಿಡುವ ಹೊಣೆ ಪಟ್ಟಣದ್ದೇ. ಅದು ಆಗುವವರೆಗೂ ನಿಮ್ಮ ಮನೆಯ ಊಟದ ಮಡಿಯನ್ನು ನೀವೇ ಕಾಪಾಡಿಕೊಳ್ಳಬೇಕು.