ಕ್ಷ-ಕಿರಣ ಚಿತ್ರವೂ ಕ್ಷಯರೋಗದ ಸಂಶೋಧನೆಯೂ

ಕಳೆದ ವರ್ಷ ನಮ್ಮ ತಾಯಿಯವರಿಗೆ ಮೂರು ವಾರ ಬಿಡದೆ ಕೆಮ್ಮು ಕಾಡಿದಾಗ, ಇಲ್ಲಿಯೇ ಚೆನ್ನೈಯ ಒಂದು ಆಸ್ಪತ್ರೆಯಲ್ಲಿ ಎದೆಯ ಕ್ಷ-ಕಿರಣ ಚಿತ್ರ ತೆಗೆಸಿದೆವು. ವೈದ್ಯರೊಬ್ಬರು ಬಲ ಶ್ವಾಸಕೋಶದ ಮೇಲ್ಭಾಗದ ಮಸುಕು ನೆರಳನ್ನು ತೋರಿಸಿ, ಇದು ಕ್ಷಯವೇ ಇರಬೇಕು, ಇಂದೇ ಔಷಧ ಆರಂಭಿಸೋಣವೆಂದರು. ಎರಡು ದಿನಗಳ ತರುವಾಯ ಅದೇ ಚಿತ್ರವನ್ನು ಬೇರೊಂದು ಆಸ್ಪತ್ರೆಯಲ್ಲಿ ನೋಡಿದ ಮತ್ತೊಬ್ಬರು, ಇದು ಎಂದೋ ಮಾಗಿದ ಹಳೆಯ ಕಲೆಯಿರಬಹುದು, ಮೊದಲು ಕಫದ ಪರೀಕ್ಷೆಯಾಗಲಿ ಎಂದರು. ಒಂದೇ ವೋಚರಿಗೆ ಎರಡು ಮೊತ್ತ! ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ತಾಳೆ ನೋಡಿದ ನನಗೆ ಇದು ಸಹಿಸಲಾಗದ ಸಂಗತಿಯಾಯಿತು.

ಆ ಎರಡನೆಯ ವೈದ್ಯರು ಒಂದು ಸಮ್ಮತಿ ಪತ್ರವನ್ನೂ ಮುಂದಿಟ್ಟರು. ಅವರಲ್ಲಿ ನಡೆಯುತ್ತಿದ್ದ ಅಧ್ಯಯನಕ್ಕೆ ತಾಯಿಯವರ ಚಿತ್ರವನ್ನು ಬಳಸಿಕೊಳ್ಳಬಹುದೇ ಎಂಬ ಕೋರಿಕೆ ಅದರಲ್ಲಿತ್ತು. ‘ನನ್ನ ಎದೆಯ ಪಟ ಅವರಿಗೆ ಯಾಕೋ?’ ಎಂದು ತಾಯಿ ಕೇಳಿದರು. ಉತ್ತರ ನನಗೂ ತಿಳಿಯದು. ತಿಳಿದುಕೊಳ್ಳಲು ಓದತೊಡಗಿದೆ.

ಓದಿದಾಗ ಮೊದಲು ತಿಳಿದುದೇನೆಂದರೆ, ನಮ್ಮ ಇಬ್ಬರು ವೈದ್ಯರ ಭಿನ್ನಾಭಿಪ್ರಾಯ ಅಪೂರ್ವವೇನಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಯೆರುಶಾಲ್ಮಿ ಮೊದಲಾದವರು, ಒಂದೇ ರಾಶಿಯ ಎದೆಯ ಚಿತ್ರಗಳನ್ನು ನುರಿತ ತಜ್ಞರ ಕೈಗೆ ಬೇರೆ ಬೇರೆಯಾಗಿ ಕೊಟ್ಟು ಪರೀಕ್ಷಿಸಿದರು. ಒಬ್ಬರು ದೋಷವಿದೆಯೆಂದ ಚಿತ್ರಗಳಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಇನ್ನೊಬ್ಬರು ಒಪ್ಪಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಅದೇ ಚಿತ್ರಗಳನ್ನು ಎರಡನೆಯ ಬಾರಿ ಕೊಟ್ಟಾಗ, ಸುಮಾರು ಐದನೆಯ ಒಂದು ಪಾಲಿನಲ್ಲಿ ತಜ್ಞರು ತಮ್ಮ ಹಿಂದಿನ ಮಾತನ್ನೇ ಒಪ್ಪಲಿಲ್ಲ. ಯಂತ್ರ ನೆರಳನ್ನು ಮಾತ್ರ ಕೊಡುತ್ತದೆ. ಅರ್ಥ ಕಟ್ಟುವುದು ಕಣ್ಣು.

ಹಾಗಾದರೆ ಇಂತಹ ಚಿತ್ರವನ್ನು ನಂಬಿ ಒಂದು ಔಷಧದ ಗುಣವನ್ನು ನಿರ್ಣಯಿಸುವುದೆಂತು? ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 1948ರಲ್ಲಿ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಇದಕ್ಕೆ ಉತ್ತರವಿದೆ. ಅದರ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ವೈದ್ಯನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ತಾನೇ ಕ್ಷಯಕ್ಕೆ ತುತ್ತಾಗಿ, ವೈದ್ಯನಾಗುವ ಆಸೆಯನ್ನು ಬಿಟ್ಟು ಅರ್ಥಶಾಸ್ತ್ರದ ಪದವಿ ಪಡೆದವನು. (ವಾಣಿಜ್ಯ ಪದವೀಧರನಾದ ನನಗೆ ಈ ಸಂಗತಿಯಿಂದಾದ ಸಂತೋಷವನ್ನು ವಾಚಕರು ಕ್ಷಮಿಸಬೇಕು.) ಔಷಧ ಆಗ ಬಲು ವಿರಳ, ಎಲ್ಲರಿಗೂ ಸಾಲುವಷ್ಟಿರಲಿಲ್ಲ. 107 ರೋಗಿಗಳಲ್ಲಿ ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ಮೊಹರು ಮಾಡಿದ ಲಕೋಟೆಗಳು ತೀರ್ಮಾನಿಸಿದವು. ಚಿತ್ರಗಳನ್ನು ಮೂವರು ತಜ್ಞರು ಪ್ರತ್ಯೇಕವಾಗಿ ಓದಿದರು. ಯಾವುದು ಯಾವ ಗುಂಪಿನದೆಂದು ಅವರಿಗೆ ತಿಳಿಸಿರಲಿಲ್ಲ. ನಮೂದಿಸಿದವನೇ ತಾಳೆ ನೋಡಬಾರದೆಂಬ ನಮ್ಮ ನಿಯಮವೇ ಅಲ್ಲವೇ ಇದು? ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 28 ಮಂದಿಯ ಚಿತ್ರಗಳಲ್ಲಿ ಗಣನೀಯ ಸುಧಾರಣೆ ಕಂಡಿತು. ಉಳಿದ 52 ಜನರಲ್ಲಿ ಅಂಥವರು ನಾಲ್ವರು ಮಾತ್ರ. ಮೃತರಾದವರು ಕ್ರಮವಾಗಿ 4 ಮತ್ತು 14.

ಮುಂದಿನ ಅಧ್ಯಾಯ ನಮ್ಮ ಈ ಊರಿನದೇ. 1956ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು, ಬಡವರ ಇಕ್ಕಟ್ಟಾದ ಮನೆಗಳಲ್ಲಿಯೇ ಔಷಧ ಕೊಟ್ಟರೂ ಫಲಿತಾಂಶವು ಆರೋಗ್ಯಧಾಮದ ಚಿಕಿತ್ಸೆಗೆ ಹತ್ತಿರವಾಗಿಯೇ ಇರುತ್ತದೆಂದು 1959ರಲ್ಲಿ ತೋರಿಸಿಕೊಟ್ಟಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿಯವರು ಆಗಿನ ಮೈಸೂರು ರಾಜ್ಯದ ತುಮಕೂರು ಜಿಲ್ಲೆಯ ಹಳ್ಳಿಹಳ್ಳಿಗೆ ಹೋಗಿ ಎದೆಯ ಚಿತ್ರ ತೆಗೆದರು. ಚಿತ್ರದಲ್ಲಿ ರೋಗ ಕಂಡವರನ್ನೂ, ಅದೇ ವಯಸ್ಸಿನ ಆರೋಗ್ಯವಂತರನ್ನೂ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ವಿಚಾರಿಸಿ, 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಗರಿಗೆ ರೋಗದ ಅರಿವಿಲ್ಲವೆಂಬುದು ಪಟ್ಟಣಿಗರ ನಂಬಿಕೆಯಾಗಿತ್ತು. ನಿಜ ಸಂಗತಿ ಬೇರೆ: ಸೋಂಕು ಹರಡಬಲ್ಲ ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ರೋಗವನ್ನು ಗುರುತಿಸದೆ ಹಿಂದಕ್ಕೆ ಕಳುಹಿಸಿದ ತಪ್ಪು ನಮ್ಮ ಆಸ್ಪತ್ರೆಗಳದು. ಕೆಮ್ಮುತ್ತ ಬಂದವರ ಕಫವನ್ನು ಪರೀಕ್ಷಿಸಿರೆಂಬ ನೀತಿ ದೇಶದಲ್ಲಿ ಬೇರೂರಲು ಈ ಅಧ್ಯಯನವೂ ಕಾರಣ. ತುಮಕೂರು ಜಿಲ್ಲೆ ನಮ್ಮ ತಾಯಿಯವರ ತವರು. ಇದನ್ನು ಓದಿ ಹೇಳಿದಾಗ ಅವರು, ‘ನಮ್ಮೋರು ದಡ್ಡರಲ್ಲ ಕಣೋ’ ಎಂದರು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲಕ್ಷಣಗಳನ್ನು ಮಾತ್ರ ಕೇಳಿ ಬಿಟ್ಟಿದ್ದರೆ, ಪತ್ತೆಯಾದ ರೋಗಿಗಳಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿ ಕೈತಪ್ಪುತ್ತಿದ್ದರು. ಅವರನ್ನು ಹಿಡಿದುಕೊಟ್ಟುದು ಕ್ಷ-ಕಿರಣ ಚಿತ್ರ. ತುಮಕೂರಿನ ಅಧ್ಯಯನವನ್ನು ಇದು ಸುಳ್ಳು ಮಾಡುವುದಿಲ್ಲವೆಂದೇ ನನ್ನ ಅಭಿಪ್ರಾಯ. ಬಾಗಿಲಿಗೆ ಬಂದವರನ್ನು ನೋಡಿಕೊಳ್ಳುವುದು ಒಂದು ಕೆಲಸ, ಬಾರದವರನ್ನು ಹುಡುಕುವುದು ಇನ್ನೊಂದು. ಚಿತ್ರಗಳು ಹೆಚ್ಚಿದಂತೆ ಓದುವ ತಜ್ಞರು ಸಾಲದಾಗುತ್ತಾರೆ. ಆದ್ದರಿಂದ 15 ವರ್ಷ ತುಂಬಿದವರ ಚಿತ್ರಗಳ ಮೊದಲ ತಪಾಸಣೆಯನ್ನು ಗಣಕಯಂತ್ರಕ್ಕೆ ಒಪ್ಪಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಮ್ಮತಿಸಿತು. ಆ ಯಂತ್ರಕ್ಕೆ ಪಾಠ ಹೇಳಲು ರೋಗದ ನೆರಳುಗಳಷ್ಟೇ ಸಾಲವು. ಮಾಗಿದ ಹಳೆಯ ಕಲೆಗಳೂ ಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಸರಕಾರಿ ಕೇಂದ್ರಗಳಲ್ಲಿ ಉಚಿತವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಸಮ್ಮತಿ ಪತ್ರ ತಮಿಳು ಮತ್ತು ಇಂಗ್ಲಿಷಿನಲ್ಲಿತ್ತು. ಸಾಲಪತ್ರದ ಷರತ್ತುಗಳನ್ನು ಓದುವಂತೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ತಾಯಿಯವರಿಗೆ ವಿವರಿಸಿದೆ: ಚಿತ್ರದ ಮೇಲೆ ಹೆಸರಿರದು, ಸಂಖ್ಯೆ ಮಾತ್ರ, ಒಪ್ಪದಿದ್ದರೂ ಚಿಕಿತ್ಸೆಗೆ ಕುಂದಿಲ್ಲ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅವರು ಕನ್ನಡದಲ್ಲಿ ರುಜು ಹಾಕಿದರು. ಕಫದಲ್ಲಿ ರೋಗಾಣು ಕಾಣಲಿಲ್ಲ. ಮೂರು ತಿಂಗಳ ಬಳಿಕ ತೆಗೆದ ಚಿತ್ರದಲ್ಲಿ ನೆರಳು ಕೂದಲೆಳೆಯಷ್ಟೂ ಬದಲಾಗದೆ ಅಲ್ಲಿಯೇ ಇತ್ತು; ಕೆಮ್ಮು ಅಷ್ಟರಲ್ಲಿ ತಾನಾಗಿ ನಿಂತಿತ್ತು.