ಹದಿನೈದರವರೆಗೆ ಎಣಿಸುತ್ತಿದ್ದ ದಾದಿ

ನನ್ನ ಮೊಮ್ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ ಅವಳಿಗೆ ನಾಲ್ಕು ವರ್ಷ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ಸೆಂಟ್ರಲ್ ಲೈನ್ ಹಾಕಿದರು. ಹೃದಯದ ಸಮೀಪದ ದೊಡ್ಡ ರಕ್ತನಾಳವನ್ನು ತಲುಪುವ ತೆಳುವಾದ ಕೊಳವೆ ಅದು. ಔಷಧ ಹೋಗುವುದೂ ಅದರಲ್ಲೇ, ಪರೀಕ್ಷೆಗೆ ರಕ್ತ ತೆಗೆಯುವುದೂ ಅದರಲ್ಲೇ. ಎಳೆಯ ಕೈಗೆ ಪದೇ ಪದೇ ಸೂಜಿ ಚುಚ್ಚುವುದು ತಪ್ಪಿತಲ್ಲ ಎಂದು ನಾವು ನಿಟ್ಟುಸಿರು ಬಿಟ್ಟೆವು. ರೋಗಾಣುಗಳಿಗೂ ಅದೇ ರಾಜಬೀದಿ ಎಂಬುದು ಆಗ ಹೊಳೆದಿರಲಿಲ್ಲ.

ರಾತ್ರಿ ಪಾಳಿಯಲ್ಲಿ ಹಿರಿಯ ದಾದಿಯೊಬ್ಬರಿದ್ದರು. ಕೊಳವೆಯ ತುದಿಯನ್ನು ಸ್ಪಿರಿಟ್‌ನಿಂದ ಉಜ್ಜುವಾಗ ಬಾಯಲ್ಲೇ ಎಣಿಸುತ್ತಿದ್ದರು. ಹದಿನೈದಾಗುವವರೆಗೆ ಕೈ ನಿಲ್ಲುತ್ತಿರಲಿಲ್ಲ. ಅನಂತರ ಅದು ಒಣಗುವವರೆಗೆ ಸಿರಿಂಜ್ ಮುಟ್ಟುತ್ತಿರಲಿಲ್ಲ. ಇಷ್ಟೇಕಮ್ಮಾ ತಾಳ್ಮೆ ಎಂದು ಕೇಳಿದೆ. ‘ಇಲ್ಲಿ ಉಳಿಸಿದ ಹೊತ್ತನ್ನು ಐಸಿಯುನಲ್ಲಿ ಕಟ್ಟಬೇಕಾಗುತ್ತೆ ಸರ್’ ಎಂದರು.

ಹಬ್ಬದ ವಾರ ಅವರು ರಜೆ ಹೋದರು. ಹದಿನಾರು ಮಂಚಗಳಿಗೆ ಇಬ್ಬರೇ ಹುಡುಗಿಯರು. ಹಣೆಗೆ ಕುಂಕುಮವಿಟ್ಟಷ್ಟು ಹೊತ್ತಿನಲ್ಲಿ ಉಜ್ಜುವ ಕೆಲಸ ಮುಗಿಯುತ್ತಿತ್ತು. ನೋಡಿಯೂ ನಾನು ಸುಮ್ಮನಿದ್ದೆ. ಐದನೆಯ ದಿನ ಕೊಳವೆಗೆ ಔಷಧ ಬಿಟ್ಟ ಸ್ವಲ್ಪ ಹೊತ್ತಿಗೇ ಮಗು ಗಡಗಡ ನಡುಗತೊಡಗಿತು, ಜ್ವರ ನೂರನಾಲ್ಕಕ್ಕೇರಿತು. ರಕ್ತದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ಕೊಳವೆ ತೆಗೆದರು, ಕೀಮೋಥೆರಪಿ ಮೂರು ವಾರ ನಿಂತಿತು. ಸೋಂಕು ಆ ದಿನಗಳಲ್ಲೇ ಹೊಕ್ಕಿತೆಂದು ನಾನು ಆಣೆ ಮಾಡಲಾರೆ. ಆ ಹುಡುಗಿಯರನ್ನು ದೂರುವ ಮನಸ್ಸೂ ಇಲ್ಲ. ಹದಿನಾರು ಮಕ್ಕಳಿಗೆ ಇಬ್ಬರನ್ನು ನಿಲ್ಲಿಸಿದವರು ಅವರಲ್ಲವಷ್ಟೆ.

ಆಮೇಲೆ ಹುಡುಕಿ ಓದಿದೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಜೋಸಿ ಕಿಂಗ್ ಎಂಬ ಹದಿನೆಂಟು ತಿಂಗಳ ಮಗು ತೀರಿಕೊಂಡಿತು. ಬಿಸಿನೀರಿನ ಸುಟ್ಟಗಾಯ ವಾಸಿಯಾಗುತ್ತಿತ್ತು. ಕೊಳವೆಯ ಸೋಂಕು, ಯಾರೂ ಗಮನಿಸದ ನಿರ್ಜಲೀಕರಣ, ಕೊಡಬಾರದಿದ್ದ ಒಂದು ನೋವುನಿವಾರಕ, ಇವು ಅದನ್ನು ಕೊಂದವು. ಮಗುವಿಗೆ ವಿಪರೀತ ಬಾಯಾರಿಕೆಯಾಗಿದೆ ಎಂದು ತಾಯಿ ಹೇಳುತ್ತಲೇ ಇದ್ದಳು. ಅದೇ ಆಸ್ಪತ್ರೆಯ ವೈದ್ಯ ಪೀಟರ್ ಪ್ರೊನೊವೋಸ್ಟ್ ಐದು ಅಂಶಗಳ ಪಟ್ಟಿಯೊಂದನ್ನು ಬಳಕೆಗೆ ತಂದರು: ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿಗೊಳಿಸುವುದು, ಮುಸುಕು ಗವಸುಗಳ ಪೂರ್ಣ ರಕ್ಷಣೆ, ಸಾಧ್ಯವಾದಷ್ಟೂ ತೊಡೆಸಂದಿಯ ರಕ್ತನಾಳವನ್ನು ಬಿಡುವುದು, ಬೇಡವಾದ ಕೊಳವೆಯನ್ನು ಕೂಡಲೇ ತೆಗೆಯುವುದು. ಹೊಸತೇನೂ ಇಲ್ಲ. ಆದರೆ ವೈದ್ಯರು ಒಂದು ಹಂತ ಬಿಟ್ಟರೆ ತಡೆಯುವ ಅಧಿಕಾರ ದಾದಿಗೆ ಸಿಕ್ಕಿತು. ನಮ್ಮಲ್ಲಿ ಎಷ್ಟು ದಾದಿಯರು ದೊಡ್ಡ ಡಾಕ್ಟರ ಕೈ ಹಿಡಿದಾರು? ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದನ್ನು ಅನುಸರಿಸಿದಾಗ ಮೂರೇ ತಿಂಗಳಲ್ಲಿ ಸೋಂಕಿನ ಮಧ್ಯಂಕ ಪ್ರಮಾಣ ಸಾವಿರ ಕೊಳವೆ-ದಿನಗಳಿಗೆ 2.7ರಿಂದ ಸೊನ್ನೆಗಿಳಿಯಿತೆಂದು 2006ರಲ್ಲಿ ವರದಿಯಾಯಿತು.

ಮಕ್ಕಳ ವಿಷಯದಲ್ಲಿ ಕತೆ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದ 29 ಮಕ್ಕಳ ಐಸಿಯುಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸೋಂಕಿನ ಪ್ರಮಾಣ 5.4ರಿಂದ 3.1ಕ್ಕಿಳಿದಿತ್ತು. ಆದರೆ ಇದಕ್ಕೆ ಮುಖ್ಯ ಕಾರಣ ಕೊಳವೆ ಹಾಕುವಾಗಿನ ಎಚ್ಚರವಲ್ಲ, ಹಾಕಿದ ಮೇಲಿನ ದಿನನಿತ್ಯದ ಆರೈಕೆ. ತುದಿಯನ್ನು ಉಜ್ಜುವುದು, ಒದ್ದೆಯಾದ ಡ್ರೆಸ್ಸಿಂಗನ್ನು ಆಗಲೇ ಬದಲಿಸುವುದು, ‘ಇದು ಇವತ್ತೂ ಬೇಕೇ?’ ಎಂದು ಪ್ರತಿದಿನ ಕೇಳಿಕೊಳ್ಳುವುದು. ಕೊಳವೆ ಹಾಕುವುದು ಅರ್ಧ ಗಂಟೆಯ ಕೆಲಸ. ಅದನ್ನು ಕಾಯುವುದು ವಾರಗಟ್ಟಲೆ. ಆ ರಾತ್ರಿಯ ದಾದಿಗೆ ಇದು ಗೊತ್ತಿತ್ತು.

ಮೊಮ್ಮಗಳು ಚೇತರಿಸಿಕೊಂಡ ಮೇಲೆ ಆಡಳಿತ ಕಚೇರಿಗೆ ಹೋಗಿ, ಈ ವಾರ್ಡಿನಲ್ಲಿ ಕಳೆದ ವರ್ಷ ಇಂಥ ಸೋಂಕು ಎಷ್ಟಾಯಿತೆಂದು ಕೇಳಿದೆ. ಲೆಕ್ಕವಿದೆಯಂತೆ, ಹೊರಗಿನವರಿಗೆ ತೋರಿಸುವುದಿಲ್ಲವಂತೆ. ಕಾರ್ಖಾನೆಗಳ ಬಾಗಿಲಲ್ಲಿ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕವನ್ನು ನೀವೂ ನೋಡಿರಬಹುದು. ಮಕ್ಕಳ ವಾರ್ಡಿನ ಗೋಡೆಗೂ ಅಂಥದೊಂದು ಬೇಕೆಂದು ಬರೆದುಕೊಟ್ಟು ಬಂದೆ. ಉತ್ತರ ಬಂದಿಲ್ಲ. ಹೊಸ ಕೊಳವೆ ಹಾಕಿದ ಮೇಲೆ ಯಾರೇ ಬಂದು ಉಜ್ಜಲಿ, ಮೊಮ್ಮಗಳು ಗಟ್ಟಿಯಾಗಿ ಎಣಿಸುತ್ತಿದ್ದಳು. ಹನ್ನೆರಡರ ಮೇಲೆ ಅವಳಿಗೆ ಬರುತ್ತಿರಲಿಲ್ಲ. ಉಳಿದ ಮೂರನ್ನು ನಾನು ಸೇರಿಸುತ್ತಿದ್ದೆ.