ಗಾಡಿಗೆ ಎಷ್ಟು ಆಯುಸ್ಸು?

ಭಟ್ಕಳದ ಹತ್ತಿರ ಒಂದು ಊರು. ಅಲ್ಲಿಯ ಹುಡುಗನೊಬ್ಬ ಹಳೇ ಬೈಕು ಕೊಳ್ಳಲು ಹೊರಟ. ತಾಯಿ ಸಂಘದಲ್ಲಿ ಸಾಲ ತೆಗೆದಿದ್ದರು. ಗಾಡಿ ಫಳಫಳ ಹೊಳೆಯುತ್ತಿತ್ತು. ಹೊಸ ಬಣ್ಣ ಹೊಡೆದಿದ್ದರು. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.

"ಎಷ್ಟು ವರ್ಷ ಬಾಳ್ತದೆ?" ತಾಯಿ ಕೇಳಿದರು.

"ಇನ್ನು ಹತ್ತು ವರ್ಷ ಏನೂ ಆಗೂದಿಲ್ಲ ಅಕ್ಕಾ" ಎಂದ ಮಾರುವವ.

ಜೊತೆಗೆ ಗ್ಯಾರೇಜಿನ ಮಾವ ಹೋಗಿದ್ದ. ಅವನು ಎಂಜಿನ್ ಕಡೆ ನೋಡಲಿಲ್ಲ. ನೆಲಕ್ಕೆ ಬಗ್ಗಿ, ಸ್ಟ್ಯಾಂಡು ಸೇರುವ ಜಾಗಕ್ಕೆ ಸ್ಕ್ರೂಡ್ರೈವರಿನಿಂದ ತಟ್ಟಿದ. ಬಣ್ಣದ ಚಕ್ಕೆ ಉದುರಿತು. ಒಳಗಿನ ಕಬ್ಬಿಣ ನೆನೆದ ರೊಟ್ಟಿಯ ಹಾಗೆ ಆಗಿತ್ತು. "ಈ ಗಾಡಿ ಬೇಡ ಅಕ್ಕ" ಎಂದ.

ಎಂಜಿನ್ ಚೆನ್ನಾಗಿಯೇ ಇತ್ತಲ್ಲ? ಹೌದು. ಆದರೆ ಎಂಜಿನ್ ಹಾಳಾದರೆ ರಿಪೇರಿ ಆಗ್ತದೆ. ಪಿಸ್ಟನ್ ಸವೆದರೆ ಹೊಸತು ಹಾಕಬಹುದು. ಚೈನು, ಟೈರು, ಬ್ರೇಕು ಎಲ್ಲವೂ ಅಂಗಡಿಯಲ್ಲಿ ಸಿಗ್ತದೆ. ಗಾಡಿಯ ಬೆನ್ನೆಲುಬು ಎಂದರೆ ಚಾಸಿ. ಅದನ್ನು ತುಕ್ಕು ತಿಂದರೆ ಗಾಡಿಯ ಆಯುಸ್ಸು ಮುಗಿಯಿತು. ಓಡುವಾಗ ಮುರಿದರೆ ಸವಾರನ ಜೀವಕ್ಕೇ ಅಪಾಯ.

ನಮ್ಮ ಕಡೆ ದಾರಿ ಒಂದೇ ತರಹ ಇಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರನ್ನೂ ದಾಟಿ 66ನೇ ನಂಬರಿನ ಹೆದ್ದಾರಿ ಹೋಗುತ್ತದೆ. ಹೆದ್ದಾರಿ ಬಿಟ್ಟು ಒಳಗೆ ಇಳಿದರೆ ಕೆಂಪು ಮಣ್ಣು, ಚಿರೆಕಲ್ಲು, ಹೊಯಿಗೆ. ಪೂರ್ವಕ್ಕೆ ಹೋದರೆ ಗೇರುಸೊಪ್ಪೆ ಘಾಟಿ, ದೇವಿಮನೆ ಘಾಟಿ. ಹಾಗಾಗಿ ಡಾಂಬರಿಗೂ ಮಣ್ಣಿಗೂ ಆಗುವ ಗಾಡಿ ಬೇಕು ಎನ್ನುವವರು ಬಹಳ. ಅಂಥ ಬೈಕುಗಳನ್ನು ಕಂಪನಿಗಳೂ ತಂದವು. 2011ರಲ್ಲಿ ಹೀರೋ ಇಂಪಲ್ಸ್ ಬಂತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ ಬಂತು. ಇವುಗಳ ಮೈ ಎತ್ತರ. ಹೊಂಡಕ್ಕೆ ಬಿದ್ದರೂ ತಳ ಕಲ್ಲಿಗೆ ಬಡಿಯುವುದು ಕಡಿಮೆ. ಆದರೆ ಉಪ್ಪುಗಾಳಿಗೆ ಎತ್ತರದ ಗಾಡಿಯೂ ಒಂದೇ, ಗಿಡ್ಡ ಗಾಡಿಯೂ ಒಂದೇ.

ಸಮುದ್ರದ ಗಾಳಿಯಲ್ಲಿ ಉಪ್ಪು ಇದೆ. ಅದು ಕಬ್ಬಿಣದ ಮೇಲೆ ಕೂತು ತೇವ ಹಿಡಿದಿಡುತ್ತದೆ. ಆಗ ತುಕ್ಕು ಬೇಗ ಹತ್ತುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ ನಮ್ಮದು. ಎಲ್ಲಕ್ಕಿಂತ ಕಷ್ಟ ಮೀನು ಹೊರುವ ಗಾಡಿಗೆ. ಕಾಸರಕೋಡಿನಲ್ಲೋ ತದಡಿಯಲ್ಲೋ ಪೆಟ್ಟಿಗೆ ತುಂಬಿ ಹೊರಟರೆ ದಾರಿಯುದ್ದಕ್ಕೂ ಐಸು ನೀರು ಸೋರುತ್ತದೆ. ಬರೀ ನೀರಲ್ಲ, ಉಪ್ಪುನೀರು. ಅದು ಹಿಂದಿನ ಚಕ್ರ, ಚೈನು, ಚಾಸಿಯ ಮೂಲೆ ಎಲ್ಲಾ ಕಡೆ ಇಳಿಯುತ್ತದೆ.

ಏನು ಮಾಡಬೇಕು? ಮನೆಗೆ ಬಂದ ಕೂಡಲೇ ಎರಡು ಕೊಡ ಬಾವಿ ನೀರು ಸುರಿಯಿರಿ. ಮೇಲೆ ಮಾತ್ರ ಅಲ್ಲ, ಅಡಿಗೂ. ಆಮೇಲೆ ಗಾಳಿಗೆ ಒಣಗಲಿ. ಒದ್ದೆ ಗಾಡಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟುವವರಿದ್ದಾರೆ. ಅದು ಗಾಡಿಗೆ ಮಾಡುವ ಉಪಕಾರ ಅಲ್ಲ. ಒಳಗೆ ಆವಿ ನಿಂತು ತುಕ್ಕು ಇನ್ನೂ ಜೋರಾಗ್ತದೆ. ಚೈನು ಒಣಗಿದ ಮೇಲೆ ಎಣ್ಣೆ ಬಿಡಿ. ಬಣ್ಣ ಕಿತ್ತ ಕಡೆ ತುಕ್ಕು ಉಜ್ಜಿ ಬಣ್ಣ ಹಚ್ಚಿ.

ಬೇಸಿಗೆಯಲ್ಲಿ ಕೆಂಪು ಧೂಳಿನ ಕಾಟ. ಗಾಳಿ ಸೋಸುವ ಫಿಲ್ಟರ್ ಹರಿದಿದ್ದರೆ ಧೂಳು ಎಂಜಿನ್ನಿಗೆ ಹೋಗಿ ಒಳಗೆಲ್ಲ ಗೀರುತ್ತದೆ. ಆಗ ಎಂಜಿನ್ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ. ಗಾಡಿ ನೆರೆ ನೀರಿನಲ್ಲಿ ಮುಳುಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ತಳ್ಳಿಕೊಂಡು ಗ್ಯಾರೇಜಿಗೆ ಹೋಗಿ. ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿಯಿರಿ. ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಕಂಪನಿಯ ಪುಸ್ತಕದಲ್ಲಿ ಅಂಕಿಯಲ್ಲೇ ಬರೆದಿರುತ್ತದೆ. ನೀವೇ ಓದಿ ನೋಡಬಹುದು.

ಹೀಗೆ ನೋಡಿಕೊಂಡರೆ ಸಣ್ಣ ಬೈಕಿನ ಎಂಜಿನ್ ಎಂಬತ್ತು ಸಾವಿರ, ಒಂದು ಲಕ್ಷ ಕಿಲೋಮೀಟರ್ ಓಡುವುದು ಅಪರೂಪವಲ್ಲ. ದಿನಕ್ಕೆ 30 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಿಸಿದರೆ 9,000 ಆಯಿತು. ಹತ್ತು ವರ್ಷಕ್ಕೆ 90,000.

ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಇತ್ತು. 1961ರಿಂದ ಬೈಕು ಮಾಡುತ್ತಿದ್ದರು. ಯೆಜ್ಡಿ ಗಾಡಿ ಅಲ್ಲಿಯದೇ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಅಲ್ಲಿ ಮಾಡಿದ ಎಷ್ಟೋ ಗಾಡಿಗಳು ಇವತ್ತಿಗೂ ಓಡುತ್ತವೆ. ಒಡೆಯರು ಮಕ್ಕಳ ಹಾಗೆ ಸಾಕಿದ್ದಾರೆ. ಅವರಲ್ಲಿ ಬಹಳ ಜನ ಕಡಲ ಗಾಳಿ ಇಲ್ಲದ ಊರಿನವರು ಎಂಬುದೂ ನಿಜವೇ ಅನ್ನಿ!

ಸರಕಾರದ ಲೆಕ್ಕ ಬೇರೆ. ಹೊಸ ಬೈಕಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗುಜರಿಗೇ ಹಾಕಬೇಕೆಂದಿಲ್ಲ. ಗಾಡಿಯನ್ನು ತಪಾಸಣೆಗೆ ಒಯ್ದು, ಹಣ ಕಟ್ಟಿ, ಐದು ವರ್ಷ ಮುಂದುವರಿಸಬಹುದು. ಕೆಎ 47 ನಂಬರಿನ ಗಾಡಿ ಹೊನ್ನಾವರ ಕಚೇರಿಯಲ್ಲಿ ನೋಂದಾಯಿಸಿದ್ದು. ಹಳೇ ಗಾಡಿ ಕೊಳ್ಳುವಾಗ ಆರ್‌ಸಿ ಕೇಳಿ. ಅದರಲ್ಲಿ ಅಕ್ಷರ ಇಂಗ್ಲಿಷಿನದಾದರೂ ತಾರೀಕು ಅಂಕಿಯಲ್ಲಿದೆ. ಚಾಸಿಯ ಮೇಲೆ ಕೊರೆದ ನಂಬರೂ ಆರ್‌ಸಿಯ ನಂಬರೂ ಒಂದೇ ಇರಬೇಕು. ಹೆಸರು ಬದಲಾಯಿಸಲು 29 ಮತ್ತು 30ನೇ ಫಾರಂ ಬೇಕು. ಖಾಲಿ ಫಾರಂಗೆ ಸಹಿ ಹಾಕಬೇಡಿ.

ಹದಿನೈದು ದಿನ ಬಿಟ್ಟು ಅವರು ಇನ್ನೊಂದು ಗಾಡಿ ನೋಡಿದರು. ಬಣ್ಣ ಮಾಸಿತ್ತು. ಮಾವ ಅಡಿಗೆ ಬಗ್ಗಿ ತಟ್ಟಿ ನೋಡಿದ. ಕಬ್ಬಿಣ ಗಟ್ಟಿ ಇತ್ತು. ಈ ಸಲ ತಾಯಿಯೇ ಆರ್‌ಸಿ ಕೈಗೆ ತೆಗೆದುಕೊಂಡರು. ಬೆರಳಿಟ್ಟು ಒಂದೊಂದೇ ಅಂಕಿ ಓದಿದರು.

"ಇನ್ನು ಎರಡು ವರ್ಷಕ್ಕೆ ಹದಿನೈದು ತುಂಬ್ತದೆ. ಆ ಖರ್ಚು ನಮ್ಮ ತಲೆಗೇ ಬರ್ತದೆ. ರೇಟು ಇಳಿಸಿ" ಎಂದರು.

ಮಾರುವವ ಇಳಿಸಿದ.